ಹುಳಕ್ಕೊಬ್ಬ ಕಾವಲುಗಾರ

ಎಡದಂಡೆ ವನಸಿರಿ ನಿಗಮದ ಕಡತದಲ್ಲಿ ಗ್ಯಾನಪ್ಪನ ಕೆಲಸವನ್ನು ಒಂದೇ ಸಾಲಿನಲ್ಲಿ ಬರೆದಿದ್ದರು: ‘ನೆಡುತೋಪನ್ನು ಆಡು, ಕೊಡಲಿ ಹಾಗೂ ಬೆಂಕಿಯಿಂದ ಕಾಯತಕ್ಕದ್ದು.’ ಹತ್ತೊಂಬತ್ತು ವರ್ಷದಿಂದ ಅವನು ಅದನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಪಕ್ಕ, ಕಲ್ಲುಗುಡ್ಡದ ಬುಡದಲ್ಲಿ ನಲವತ್ತು ಎಕರೆ ಸುಬಾಬುಲ್ ತೋಪು. ಆಡು ಬಂದರೆ ಬೈಗುಳ, ಕೊಡಲಿ ಬಂದರೆ ಸಿಳ್ಳೆ, ಬೆಂಕಿ ಬಂದರೆ ಹಸಿ ಟೊಂಗೆ. ಮೂರಕ್ಕೂ ಅವನಲ್ಲಿ ಮದ್ದಿತ್ತು. ಹುಳ ಬಂದರೆ ಏನು ಮಾಡಬೇಕೆಂದು ಮಾತ್ರ ಯಾರೂ ಬರೆದಿರಲಿಲ್ಲ.

ಹುಳ ಬಂದದ್ದು ಆ ವರ್ಷದ ಮೊದಲ ಮಳೆಗೆ ಗಿಡಗಳು ಚಿಗುರಿದ ಮೇಲೆ. ಎಳ್ಳುಕಾಳಿನಷ್ಟು ಗಾತ್ರ, ತಿಳಿಹಸಿರು ಬಣ್ಣ, ಮುಟ್ಟಲು ಹೋದರೆ ಟಣ್ಣನೆ ಜಿಗಿತ. ಕುಡಿಕುಡಿಗೂ ಮುತ್ತಿಕೊಂಡು ರಸ ಹೀರುತ್ತಿದ್ದವು. ಎಲೆಯ ಮೇಲೆಲ್ಲ ಬೆಲ್ಲದ ಪಾಕ ಸುರಿದಂಥ ಅಂಟು. ಹತ್ತು ದಿನದಲ್ಲಿ ಚಿಗುರೆಲ್ಲ ಬೆಂಕಿಯ ಝಳ ತಾಗಿದಂತೆ ಮುರುಟಿಕೊಂಡಿತು. ಗೇಟಿನ ಹತ್ತಿರ ಐದು ಗಿಡಗಳಿದ್ದವು, ಗ್ಯಾನಪ್ಪ ಕೆಲಸಕ್ಕೆ ಸೇರಿದ ವರ್ಷ ತಾನೇ ಗುಂಡಿ ತೋಡಿ ನೆಟ್ಟವು, ವರ್ಷವರ್ಷ ತಲೆ ಸವರಿ ಕೊಡೆಯಂತೆ ಗಿಡ್ಡ ಇಟ್ಟವು. ಅವುಗಳ ನೆರಳಿನಲ್ಲೇ ಅವನು ಬುತ್ತಿ ಬಿಚ್ಚುವುದು. ಆ ಐದರ ತುದಿಯೂ ಬಾಡಿದ್ದನ್ನು ಕಂಡ ದಿನ ಅವನು ಬುತ್ತಿ ಬಿಚ್ಚದೆ ಹಾಗೇ ಮನೆಗೆ ಒಯ್ದ.

ಅವನು ಫೋನು ಮಾಡಿ ಹೇಳಿದ. ಆಫೀಸಿನಿಂದ ‘ಅರ್ಜಿ ಕೊಡು’ ಎಂದರು. ಅರ್ಜಿ ಕೊಟ್ಟ. ‘ಮಾದರಿ ತಂದು ತೋರಿಸು’ ಎಂದರು. ಗ್ಯಾನಪ್ಪ ಒಂದು ಬುತ್ತಿ ಡಬ್ಬಿಯಲ್ಲಿ ನಾಲ್ಕು ಕುಡಿ ತುಂಬಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದ.

ಶಾಖೆಯ ಮುಖ್ಯಸ್ಥ ಸಿದ್ದರಾಮ ಸಾಹೇಬರು ಆಗತಾನೆ ಚಹಾ ತರಿಸಿಕೊಂಡಿದ್ದರು. ಡಬ್ಬಿಯನ್ನು ಎಳೆದುಕೊಂಡು ತಾವೇ ಮುಚ್ಚಳ ತೆಗೆದರು. ಹುಳಗಳು ಬಸ್ಸಿನಲ್ಲಿ ಒಂದು ತಾಸು ಕುಲುಕಿ ರೊಚ್ಚಿಗೆದ್ದಿದ್ದವು. ಕೆಲವು ಚಹಾದೊಳಗೆ ಬಿದ್ದವು, ಕೆಲವು ಸಾಹೇಬರ ಮೀಸೆ ಹಿಡಿದವು, ಉಳಿದವು ಮಂಜೂರಾತಿಗೆ ಕಾಯುತ್ತಿದ್ದ ಕಡತಗಳ ಮೇಲೆ ಕೂತವು.

“ಮುಚ್ಚಲೇ, ಮುಚ್ಚು!” ಎಂದು ಸಾಹೇಬರು ಖುರ್ಚಿಯಿಂದ ಎದ್ದುನಿಂತರು.

“ಇನ್ನ ಮುಚ್ಚಿ ಏನ್ ಮಾಡದೈತ್ರೀ, ಎಲ್ಲಾ ಹೊರಗ ಬಂದಾವು,” ಎಂದ ಗ್ಯಾನಪ್ಪ.

ತೋಪಿನ ನಲವತ್ತು ಎಕರೆಗೆ ಸಿಗದ ಗಮನ ಸಾಹೇಬರ ಮೀಸೆಗೆ ಸಿಕ್ಕಿತು. ಅಂದೇ ಕಡತ ಹುಟ್ಟಿತು.

ನಿಗಮದಲ್ಲಿ ಅಂಜಲಿ ಮಂಡಲ್ ಎಂಬ ಕ್ಷೇತ್ರ ಸಹಾಯಕಿ ಇದ್ದಳು. ಸಿಂಧನೂರಿನ ಪಕ್ಕದಲ್ಲಿ ಬಂಗಾಳಿ ನಿರಾಶ್ರಿತರು ನೆಲೆನಿಂತ ಆರ್.ಎಚ್. ಕ್ಯಾಂಪಿನ ಭತ್ತದ ರೈತರ ಮಗಳು. ಮನೆಯಲ್ಲಿ ಬಂಗಾಳಿ, ಬಸ್‌ಸ್ಟ್ಯಾಂಡಿನಲ್ಲಿ ಸಿಂಧನೂರಿನ ಕನ್ನಡ, ಕಡತದಲ್ಲಿ ಆಫೀಸಿನ ಕನ್ನಡ ಆಡುವವಳು. ಕೀಟಗಳ ಬಗ್ಗೆಯೇ ಓದಿಕೊಂಡಿದ್ದಳು. ಅವಳು ತೋಪಿಗೆ ಬಂದು, ಕಣ್ಣಿಗೆ ಭೂತಗಾಜು ಹಿಡಿದು ನೋಡಿ, ಹುಳದ ಜಾತಕ ಹೇಳಿದಳು: ಸಮುದ್ರದ ಆಚೆಯಿಂದ ಬಂದ ಹುಳ, ಅಲ್ಲಿ ಇದನ್ನು ತಿನ್ನುವವು ಇದ್ದವು, ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ.

“ಎಣ್ಣಿ ಹೊಡದ್ರ ಸಾಯಾಂಗಿಲ್ರೀ?” ಎಂದು ಗ್ಯಾನಪ್ಪ ಕೇಳಿದ. ಆ ಕಡೆ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು.

“ಸಾಯ್ತಾವ ಕಾಕಾ. ಅದರ ಜತಿಗೆ ಜೇನು, ಗುಬ್ಬಿ, ಗುಲಗಂಜಿ ಹುಳ ಎಲ್ಲಾ ಸಾಯ್ತಾವು. ಇದಕ್ಕ ಬೂಷ್ಟ ಬಿಡಬೇಕು.”

“ರೊಟ್ಟಿಗೆ ಹಿಡಿತೈತೆಲ್ರೀ, ಆ ಬೂಷ್ಟ?”

“ಅದರ ಅಣ್ತಮ್ಮಂದು ಅನ್ಕೋರಿ. ಹುಳದ ಮೈಗೆ ಅಂಟಿ, ಒಳಗ ಬೇರ ಬಿಟ್ಟು, ಅದನ್ನ ತಿಂದು, ಆಮ್ಯಾಲೆ ಬಿಳಿ ನೂಲಿನಂಗ ಹೊರಗ ಬರತೈತಿ. ಗಾಳಿಗೆ ಹಾರಿ ಮತ್ತೊಂದು ಹುಳಕ್ಕ ಹತ್ತತೈತಿ. ಗಿಡಕ್ಕೇನೂ ಆಗಂಗಿಲ್ಲ, ಮನುಷ್ಯರಿಗೂ ಏನೂ ಆಗಂಗಿಲ್ಲ.”

ಸಿದ್ದರಾಮ ಸಾಹೇಬರಿಗೆ ಬೂಷ್ಟು ಎಂಬ ಮಾತು ಹಿಡಿಸಲಿಲ್ಲ. ‘ಶಿಲೀಂಧ್ರಾಧಾರಿತ ಜೈವಿಕ ನಿಯಂತ್ರಣ ಮಹಾಯೋಜನೆ’ ಎಂದು ಬರೆಸಿದ ಮೇಲೆ ಹಿಡಿಸಿತು. ಬೂಷ್ಟಿನ ಪುಡಿಯ ಪೊಟ್ಟಣಗಳು ಹದಿನೈದೇ ದಿನದಲ್ಲಿ ಬಂದವು. ಆದರೆ ಉದ್ಘಾಟನೆಯಿಲ್ಲದೆ ಸಿಂಪಡಿಸುವಂತಿಲ್ಲ. ನಿಗಮದ ಅಧ್ಯಕ್ಷರ ಬಿಡುವು ಒಂದೂವರೆ ತಿಂಗಳ ಮೇಲಿತ್ತು. ಅಲ್ಲಿಯತನಕ ಹುಳಗಳು ಚಿಗುರು ತಿಂದುಕೊಂಡು ಅಧ್ಯಕ್ಷರ ದಾರಿ ಕಾಯತಕ್ಕದ್ದು ಎಂದಾಯಿತು.

“ಸರ್, ಪುಡಿ ತಣ್ಣಗ ಇಡಬೇಕ್ರಿ. ಜೀವ ಇರೋದು ಅದು, ಸೆಕಿಗೆ ಸಾಯ್ತೈತಿ,” ಎಂದಳು ಅಂಜಲಿ.

ಆಫೀಸಿನ ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಸಾಹೇಬರ ಮೊಸರು, ನೀರಿನ ಬಾಟಲಿ, ಯಾರದೋ ಮದುವೆಯ ಉಳಿದ ಹೂವಿನ ಹಾರ ಅಲ್ಲಿದ್ದವು. ಪೊಟ್ಟಣಗಳು ತಗಡಿನ ಶೆಡ್ಡಿಗೆ ಹೋದವು. ರಾಯಚೂರು ಸೀಮೆಯ ಬಿಸಿಲಿಗೆ ಕಾದ ತಗಡಿನ ಕೆಳಗೆ ಮನುಷ್ಯ ಹತ್ತು ನಿಮಿಷ ನಿಂತರೆ ಬೆವರು ಸೋರುತ್ತದೆ. ಪುಡಿ ಒಂದು ತಿಂಗಳು ನಿಂತಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ಗುಡುಗಿಲ್ಲ, ಮಿಂಚಿಲ್ಲ, ಐದು ದಿನ ಜಿಟಿಜಿಟಿ. ಬಿಸಿಲೇ ಹಾಸಿ ಬಿಸಿಲೇ ಹೊದೆಯುವ ನಾಡಿನಲ್ಲಿ ಗೋಡೆಗೆ ಒರಗಿಸಿದ ಚಾಪೆಯೂ ತೇವವಾಯಿತು. ಆರನೆಯ ದಿನ ಗ್ಯಾನಪ್ಪ ತಲೆಗೆ ಗೋಣಿಚೀಲ ಹಾಕಿಕೊಂಡು ತೋಪಿನೊಳಗೆ ಸುತ್ತು ಹೊಡೆಯಲು ಹೋದ. ಹಿಂದಿನ ಅಂಚಿನಲ್ಲಿ ಒಂದು ಕುಡಿಯನ್ನು ಬಗ್ಗಿಸಿ ನೋಡಿದ. ಹುಳಗಳು ಜಿಗಿಯಲಿಲ್ಲ. ಕಡ್ಡಿಯಿಂದ ಚುಚ್ಚಿದ, ಆಗಲೂ ಜಿಗಿಯಲಿಲ್ಲ. ಎಲೆಗೆ ಮೊಳೆ ಹೊಡೆದಂತೆ ಕೂತಲ್ಲೇ ಕೂತಿದ್ದವು, ಒಂದೊಂದರ ಮೈಮೇಲೂ ಬಿಳಿ ಅರಳೆಯಂಥ ನೂಲು. ಪಕ್ಕದ ಗಿಡದಲ್ಲೂ ಹಾಗೆಯೇ. ಅದರ ಪಕ್ಕದಲ್ಲೂ ಹಾಗೆಯೇ.

ಅಂಜಲಿ ಮಧ್ಯಾಹ್ನದೊಳಗೆ ಸ್ಕೂಟಿಯಲ್ಲಿ ಬಂದಳು, ಮೊಣಕಾಲತನಕ ಕೆಸರು. ಭೂತಗಾಜಿನಿಂದ ಅರ್ಧ ತಾಸು ನೋಡಿದಳು. ಆಮೇಲೆ ಓದಿದ ಹುಡುಗಿ ಎಂಬುದನ್ನೂ ಮರೆತು ಕುಣಿದೇಬಿಟ್ಟಳು.

“ಕಾಕಾ, ಇದು ತಾನಾ ಬಂದೈತಿ! ನಮ್ಮ ಮಣ್ಣಾಗ ಮೊದಲಿಂದ ಇತ್ತು. ತೇವ ಇಲ್ದ ಸುಮ್ನ ಮಕ್ಕೊಂಡಿತ್ತು. ಈಗ ಮಳಿ ಬಂತು, ತಿನ್ನಾಕ ಹುಳ ಸಿಕ್ವು, ಎದ್ದು ಕುಂತೈತಿ. ಇನ್ನ ಎಂಟ ದಿನಕ್ಕ ತೋಪೆಲ್ಲಾ ಸ್ವಚ್ಛ ನೋಡ್ರಿ!”

ಗ್ಯಾನಪ್ಪ ತಾನೇ ಬೂಷ್ಟು ಹೆತ್ತವನಂತೆ ಹಿಗ್ಗಿದ. ಹತ್ತೊಂಬತ್ತು ವರ್ಷದಲ್ಲಿ ಆಫೀಸಿಗೆ ಒಂದು ಒಳ್ಳೆಯ ಸುದ್ದಿ ತಲುಪಿಸುವ ಭಾಗ್ಯ ಅವನಿಗೆ ಇದೇ ಮೊದಲು. ಇಬ್ಬರೂ ಸ್ಕೂಟಿಯಲ್ಲಿ ಲಿಂಗಸುಗೂರಿಗೆ ಹೋದರು.

ಸುದ್ದಿ ಕೇಳಿ ಸಿದ್ದರಾಮ ಸಾಹೇಬರ ಮುಖ ಸುಣ್ಣವಾಯಿತು.

“ಎಲ್ಲಾ ಸಾಯಾಕತ್ತಾವಾ?”

“ಎಲ್ಲಾ ಸರ್!”

“ಇನ್ನ ಒಂಬತ್ತ ದಿನಕ್ಕ ಕಾರ್ಯಕ್ರಮ ಐತಿ. ಪೆಂಡಾಲಿನವನಿಗೆ ಹೇಳಿ ಆಗೈತಿ, ಕಾರ್ಡು ಹೊಡಸಿ ಆಗೈತಿ. ಹುಳನ ಇಲ್ದಿದ್ರ ಅಧ್ಯಕ್ಷರು ಬಂದು ಯಾತರ ಮ್ಯಾಲೆ ಹೊಡೀತಾರ, ನನ್ನ ಮ್ಯಾಲೇನು?”

“ಸರ್, ಸಮಸ್ಯೆನ ಹೋತಲ್ರೀ...”

“ಸಮಸ್ಯೆ ಹೋಗೂದು ದೊಡ್ಡ ಮಾತಲ್ಲವ್ವಾ. ನಮ್ಮ ಯೋಜನೆಯಿಂದ ಹೋಗಬೇಕು. ತಾನಾ ಹೋದ್ರ ಅದಕ್ಕ ಶಿಸ್ತಿಲ್ಲ.” ಸಾಹೇಬರು ಗ್ಯಾನಪ್ಪನ ಕಡೆ ತಿರುಗಿದರು. “ಗ್ಯಾನಪ್ಪ, ಗೇಟಿನ ಹತ್ರ ಐದು ಗಿಡ ಅದಾವಲ್ಲ, ಸ್ಟೇಜಿನ ಎದುರಿಗೆ ಬರೋವು. ಆ ಐದರಾಗ ಹದಿನೆಂಟನೇ ತಾರೀಖಿನ ತನಕ ಹುಳ ಜಿಂದಾ ಇರಬೇಕು. ಜವಾಬ್ದಾರಿ ನಿಂದು.”

ಗ್ಯಾನಪ್ಪ ಓದಿದವನಲ್ಲ, ಆದರೆ ಬಾಯಿಮಾತಿನ ಹುಕುಮು ಆಫೀಸಿನಲ್ಲಿ ಎಷ್ಟು ಬೇಗ ಆವಿಯಾಗುತ್ತದೆಂದು ಬಲ್ಲವ. “ಕಾಗದದ ಮ್ಯಾಲೆ ಕೊಡ್ರೀ ಸಾಹೇಬ್ರ,” ಎಂದ. ಅವಸರದಲ್ಲಿದ್ದ ಸಾಹೇಬರು ಗುಮಾಸ್ತ ಟೈಪು ಹೊಡೆದುಕೊಟ್ಟದ್ದಕ್ಕೆ ರುಜು ಹಾಕಿದರು: ‘ಕಾರ್ಯಕ್ರಮದ ದಿನದವರೆಗೆ ಸದರಿ ಕೀಟಗಳ ಪ್ರಾಣರಕ್ಷಣೆಗೆ ಕಾವಲುಗಾರ ಗ್ಯಾನಪ್ಪನನ್ನು ನೇಮಿಸಲಾಗಿದೆ.’

ಮರುದಿನ ಬುತ್ತಿ ತಂದ ಹೆಂಡತಿ ಪಾರ್ವತೆಮ್ಮ ಗೇಟಿನಲ್ಲೇ ನಿಂತುಬಿಟ್ಟಳು. ಗಂಡ ಐದು ಗಿಡಗಳ ಮೇಲೆ ಬಿದಿರು ಕಟ್ಟಿ ತಾಡಪತ್ರಿ ಎಳೆಯುತ್ತಿದ್ದ. ಕೆಳಗಿನ ಟೊಂಗೆಗಳಿಗೆ ಮನೆಯ ಸೊಳ್ಳೆ ಪರದೆ ಸುತ್ತಿಯಾಗಿತ್ತು.

“ಪರದಿ ಇಲ್ಲಿಗೆ ತಂದೀಯಾ? ಮನ್ಯಾಗ ನಮಗ ಸೊಳ್ಳಿ ಕಡಿಲಿ, ಇಲ್ಲಿ ಹುಳ ಬೆಚ್ಚಗ ಮಕ್ಕೊಳ್ಳಲಿ! ಮಳಿ ಬಂದ್ರ ನಮ್ಮ ಮಾಳಿಗಿ ಸೋರಾಕತ್ತೈತಿ, ಅದಕ್ಕ ತಾಡಪತ್ರಿ ಇಲ್ಲ. ಇವಕ್ಕ ಐತಿ!”

“ಸಾಹೇಬರ ಹುಕುಂ ಐತಿ.”

“ಹತ್ತೊಂಬತ್ತ ವರ್ಷ ಗಿಡಾ ಕಾದಿ, ಯಾರೂ ನಿನಗ ಒಂದ್ ಛತ್ರಿ ಕೊಡಲಿಲ್ಲ. ಹುಳ ಆಗಿ ಹುಟ್ಟಿದ್ರ ಕೊಡ್ತಿದ್ರೇನೋ.” ಡಬ್ಬಿ ಕೆಳಗಿಟ್ಟು ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು, ತಾಡಪತ್ರಿಯ ಇನ್ನೊಂದು ತುದಿ ಹಿಡಿದು ಕಟ್ಟಿಕೊಟ್ಟಳು.

ಏನು ಕಟ್ಟಿದರೂ ಬೂಷ್ಟು ಗಾಳಿಯಲ್ಲಿ ಬರುತ್ತಿತ್ತು. ಮೂರು ದಿನಕ್ಕೆ ಪರದೆಯೊಳಗಿನ ಹುಳಗಳೂ ಬಿಳಿಯಾದವು. ಗ್ಯಾನಪ್ಪ ಗಾಬರಿಯಿಂದ ಜೀವಂತ ಹುಳ ಹುಡುಕಿ ಹೊರಟ. ಅವು ಸಿಕ್ಕದ್ದು ಸಿಂಧನೂರು ಸಮೀಪದ ಗೊರೇಬಾಳದಲ್ಲಿ, ಹುಸೇನಪ್ಪ ಎಂಬ ರೈತನ ಭತ್ತದ ಗದ್ದೆಯ ಬದುವಿನ ಮೇಲೆ. ಅಲ್ಲಿ ಸಾಲಾಗಿದ್ದ ಸುಬಾಬುಲ್‌ಗಳಲ್ಲಿ ಹುಳಗಳು ಹಬ್ಬ ಮಾಡುತ್ತಿದ್ದವು.

“ಹುಳ ಬೇಕಾ? ಒಯ್ಯೋ ಮಾರಾಯ, ಎಲ್ಲಾ ಒಯ್ಯಿ, ನಿನಗ ಪುಣ್ಯ ಬರ್ತೈತಿ,” ಎಂದ ಹುಸೇನಪ್ಪ ಮೊದಲು. ಗ್ಯಾನಪ್ಪ ಪರದೆ ಬಿಚ್ಚಿ ಕುಡಿ ಕತ್ತರಿಸತೊಡಗಿದ ಮೇಲೆ ಅವನಿಗೆ ಅನುಮಾನ ಬಂತು. ನಿಗಮದವರು ಬಸ್ಸು ಹತ್ತಿ ಬಂದು ಕೇಳುತ್ತಾರೆಂದರೆ ವಸ್ತುವಿಗೆ ಏನೋ ಕಿಮ್ಮತ್ತಿರಬೇಕು.

“ತಡಿ ತಡಿ. ಹುಳ ನನ್ನವು. ನನ್ನ ಬದುವಿನ ಮ್ಯಾಲೆ, ನನ್ನ ಗಿಡದ ರಸ ಕುಡದು ಬೆಳದಾವು.”

“ಹೌದೋ ಅಣ್ಣ, ಏನ್ ಬೇಕು ಹೇಳು.”

“ಸ್ಟೇಜಿನ ಮ್ಯಾಲೆ ನನ್ನ ಹೆಸರ ಕರೀಬೇಕು. ಶಾಲು ಹೊಚ್ಚಬೇಕು.”

ಸಾಹೇಬರು ಫೋನಿನಲ್ಲೇ ಒಪ್ಪಿದರು. ಹುಳ ತುಂಬಿದ ಪರದೆಯ ಗಂಟು ಜಿಲಾನಿಸಾಬನ ಟಂಟಂ ಆಟೋದಲ್ಲಿ ಹನ್ನೊಂದು ಜನರ ನಡುವೆ ಕೂತು ಬಂತು. ದಾರಿಯಲ್ಲಿ ಗಂಟು ಸಡಿಲಾಗಿ ಜನ ಮೈ ಪರಚಿಕೊಂಡು ಇಳಿದರು. ಜಿಲಾನಿಸಾಬ್, “ಇದೇನ್ ಸವಾರೀನೋ ಗ್ಯಾನಪ್ಪ, ಬಾಕಿ ಸವಾರಿನ್ನೆಲ್ಲಾ ಇಳಿಸಿಬಿಡ್ತು!” ಎಂದು ಬೈಯುತ್ತಲೇ ಮಸ್ಕಿ ದಾಟಿಸಿ ಗೇಟಿಗೆ ಮುಟ್ಟಿಸಿದ.

ಹುಳವೇನೋ ಬಂತು, ಆದರೆ ತೋಪಿನ ಗಾಳಿಯಲ್ಲಿ ಅದು ಎಷ್ಟು ದಿನ ಬಾಳೀತು? ಸಿದ್ದರಾಮ ಸಾಹೇಬರು ಅದಕ್ಕೂ ಉಪಾಯ ಕಂಡುಹಿಡಿದರು. ಭತ್ತಕ್ಕೆ ಬೂಷ್ಟು ರೋಗ ಬಂದಾಗ ರೈತರು ಹೊಡೆಯುವ ಔಷಧವನ್ನು ಒಂದು ಕ್ಯಾನು ತರಿಸಿದರು. ಐದು ಗಿಡಕ್ಕೂ, ಸುತ್ತಲಿನ ನೆಲಕ್ಕೂ ಹೊಡೆಯತಕ್ಕದ್ದು.

ಅಂಜಲಿಗೆ ತಡೆಯಲಾಗಲಿಲ್ಲ. “ಸರ್, ಬೂಷ್ಟ ಬಿಡೋ ಕಾರ್ಯಕ್ರಮಕ್ಕ ಬೂಷ್ಟ ಕೊಲ್ಲೋ ಔಷಧ ಹೊಡೀತೀರಾ?”

“ಅದು ಅನಧಿಕೃತ ಬೂಷ್ಟ. ನಮ್ಮದು ಪೊಟ್ಟಣದಾಗ ಐತಿ.”

ಬೆನ್ನಿಗೆ ಪಂಪು ಏರಿಸಿಕೊಂಡವನು ಗ್ಯಾನಪ್ಪನೇ. ತನ್ನ ಕೈಯಿಂದ ನೆಟ್ಟ ಗಿಡ, ಅದರ ಜೀವ ಉಳಿಸಲು ತಾನಾಗಿ ಬಂದ ಬಿಳಿ ನೂಲು, ಅದರ ಮೇಲೆ ಔಷಧ. ಮೊದಲ ಗಿಡ ಮುಗಿಸಿ ಅವನು ಪಂಪಿನ ಕೈ ಬಿಟ್ಟು ನಿಂತ.

“ಯಾಕ ಕಾಕಾ?” ಎಂದಳು ಅಂಜಲಿ.

“ಆಡು ಬಂದ್ರ ಬೈಬೌದ್ರೀ ಮೇಡಂ. ಸಾಹೇಬ್ರಿಗೆ ಏನನ್ನೂದು?” ಎಂದು ಉಳಿದ ನಾಲ್ಕಕ್ಕೂ ಹೊಡೆದ. ಅಂದು ಅವನು ಆ ಗಿಡಗಳ ಕೆಳಗೆ ಉಣ್ಣಲಿಲ್ಲ, ರಸ್ತೆಯ ಮೋರಿಯ ಮೇಲೆ ಕೂತು ಉಂಡ.

ಔಷಧ ಚೆನ್ನಾಗಿ ಕೆಲಸ ಮಾಡಿತು. ಮಳೆಯಿಲ್ಲ, ಬೂಷ್ಟಿಲ್ಲ, ಮೇಲೆ ತಾಡಪತ್ರಿ. ಗೊರೇಬಾಳದ ಹುಳಗಳು ಐದು ಗಿಡಗಳಲ್ಲಿ ಮರಿ ಮೊಮ್ಮಕ್ಕಳನ್ನು ಕಾಣುವಂತೆ ಹೆಚ್ಚಿದವು.

ಹದಿನೆಂಟನೆಯ ತಾರೀಖು ಅಧ್ಯಕ್ಷರು ಬೆಳ್ಳಗೆ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದರು. ನಿರೂಪಕ ಮೈಕಿನಲ್ಲಿ, “ಗೊರೇಬಾಳದ ಪ್ರಗತಿಪರ ಕೀಟ... ಕ್ಷಮಿಸಬೇಕು, ಪ್ರಗತಿಪರ ರೈತ ಹುಸೇನಪ್ಪನವರು” ಎಂದು ಕರೆದ. ಹುಸೇನಪ್ಪ ಶಾಲು ಹೊದಿಸಿಕೊಂಡು, ಜತೆಗೆ ಎರಡು ಪೊಟ್ಟಣ ಪುಡಿಯನ್ನೂ ಕಾಣಿಕೆಯಾಗಿ ಪಡೆದ. ಅಧ್ಯಕ್ಷರು ಅರ್ಧ ತಾಸು ಭಾಷಣ ಮಾಡಿದರು. ಪ್ರಕೃತಿಯನ್ನು ಅದರ ಪಾಡಿಗೆ ಬಿಡಬೇಕು, ಅದಕ್ಕಾಗಿ ನಿಗಮ ಹಗಲಿರುಳು ದುಡಿಯುತ್ತಿದೆ ಎಂಬುದು ಅದರ ಸಾರ.

ಆಮೇಲೆ ಪಂಪು ಹೊತ್ತರು. ಶೆಡ್ಡಿನಲ್ಲಿ ಕಾದು ಗಟ್ಟಿಯಾಗಿದ್ದ ಪುಡಿ ಗಂಟುಗಂಟಾಗಿ ನಳಿಗೆಯ ತುದಿಯಲ್ಲಿ ಸಿಕ್ಕಿಕೊಂಡಿತು. ಸಿದ್ದರಾಮ ಸಾಹೇಬರು ಬಗ್ಗಿ ಪಿನ್ನಿನಿಂದ ಚುಚ್ಚಿದರು. ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಲೇ ಬಿಟ್ಟು ಅವರ ಕನ್ನಡಕದ ಮೇಲೆ ಚಿಮ್ಮಿತು. ಗಿಡ ಅಲುಗಿದ್ದೇ ತಡ, ಸಾವಿರಗಟ್ಟಲೆ ಹುಳ ಜಿಗಿದು ಅಧ್ಯಕ್ಷರ ಬಿಳಿ ಅಂಗಿಯನ್ನು ಹಸಿರು ಮಾಡಿದವು.

“ಅಬ್ಬಬ್ಬಾ, ಎಷ್ಟ್ ಹುಳ!” ಎಂದರು ಅಧ್ಯಕ್ಷರು ಕೊಡವಿಕೊಳ್ಳುತ್ತ. “ನಿಗಮ ಸರಿಯಾದ ಟೈಮಿಗೆ ಬಂದೈತಿ.” ಅವರ ಕಣ್ಣು ಪೆಂಡಾಲಿನ ಆಚೆ ಹೋಯಿತು. ಅಲ್ಲಿ ತೋಪಿನ ಉಳಿದ ಭಾಗವೆಲ್ಲ ಹೊಸ ಚಿಗುರಿನಿಂದ ತೊನೆಯುತ್ತಿತ್ತು. “ಅಲ್ಲಿ ಅಷ್ಟ್ ಹಸರ್ ಅದಾವು, ಇಲ್ಲಿ ಯಾಕ ಹಿಂಗ?” ಎಂದು ಹತ್ತಿರ ನಿಂತಿದ್ದ ಗ್ಯಾನಪ್ಪನನ್ನೇ ಕೇಳಿದರು.

ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಿದ್ದರು, ಬಾಯಿ ಹಾಕಲು ತಡವಾಯಿತು.

“ಅಲ್ಲಿ ನಾವು ಯಾರೂ ಏನೂ ಮಾಡಿಲ್ರೀ,” ಎಂದ ಗ್ಯಾನಪ್ಪ.

ಅಧ್ಯಕ್ಷರು ಮೆಲ್ಲಗೆ ತಲೆದೂಗಿ, ಗ್ಯಾನಪ್ಪನ ಬೆನ್ನು ತಟ್ಟಿ, ಮೈಕಿನ ಕಡೆ ನಡೆದರು. “ನೋಡ್ರಿ, ಇಷ್ಟೆಲ್ಲಾ ಮಾಡಿ ‘ನಾವು ಏನೂ ಮಾಡಿಲ್ಲ’ ಅಂತಾನ. ಇಂಥಾ ನಮ್ರತೆ ಇರೋ ಸಿಬ್ಬಂದಿ ನಮ್ಮ ನಿಗಮದ ಆಸ್ತಿ!” ಚಪ್ಪಾಳೆ ಬಿತ್ತು. ಅಂಜಲಿ ನಗು ತಡೆಯಲಾರದೆ ಪೆಂಡಾಲಿನ ಹಿಂದೆ ಹೋದಳು.

ಎರಡು ವಾರದಲ್ಲಿ ಐದು ಗಿಡಗಳು ಕುಡಿಯಿಂದ ಕಾಂಡದತನಕ ಒಣಗಿದವು. ಉಳಿದ ತೋಪು ನೆಲ ಕಾಣದಷ್ಟು ನೆರಳು ಬಿಟ್ಟಿತು. ಗ್ಯಾನಪ್ಪನಿಗೆ ನೋಟೀಸು ಬಂತು: ನಿನ್ನ ಕಾವಲಿನಲ್ಲಿ ಐದು ಗಿಡ ಸತ್ತಿದ್ದೇಕೆ? ಅವನು ಹೇಳಿದ್ದನ್ನು ಅಂಜಲಿ ಬರೆದುಕೊಟ್ಟಳು: ‘ನನ್ನನ್ನು ಹುಳ ಕಾಯಲು ನೇಮಿಸಿದ್ದಿರಿ. ಒಂದು ಹುಳವೂ ನನ್ನ ಕೈಯಿಂದ ಸತ್ತಿಲ್ಲ. ಹುಕುಮಿನ ಪ್ರತಿ ಲಗತ್ತಿಸಿದೆ.’ ಮತ್ತೆ ಆ ವಿಷಯ ಯಾರೂ ಎತ್ತಲಿಲ್ಲ.

ವರದಿಯಲ್ಲಿ ಎಲ್ಲ ಸರಿಹೋಗಿತ್ತು. ಸತ್ತ ಐದು ಗಿಡಗಳು ‘ಹೋಲಿಕೆಗಾಗಿ ಸಿಂಪಡಿಸದೆ ಬಿಟ್ಟವು’ ಎಂದಾದವು. ಹಸಿರಾಗಿದ್ದ ನಲವತ್ತು ಎಕರೆ ‘ಸಿಂಪಡಿಸಿದ್ದು’ ಎಂದಾಯಿತು. ಇಂಥ ಚೊಕ್ಕ ಫಲಿತಾಂಶ ಯಾವ ವಿಜ್ಞಾನಿಗೂ ಸಿಕ್ಕಿರಲಿಕ್ಕಿಲ್ಲ. ಅಂಜಲಿ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟಳು. ಅದನ್ನು ಅನುಬಂಧದಲ್ಲಿ, ಟೆಂಟಿನ ರಸೀದಿಯ ಹಿಂದೆ ಸೇರಿಸಿದರು. ಸಿದ್ದರಾಮ ಸಾಹೇಬರು ಯೋಜನೆಯ ಬಗ್ಗೆ ಉಪನ್ಯಾಸ ಕೊಡಲು ಊರೂರು ತಿರುಗತೊಡಗಿದರು, ಹೀಗಾಗಿ ಲಿಂಗಸುಗೂರಿನ ಆಫೀಸು ಕೆಲವು ತಿಂಗಳು ನೆಮ್ಮದಿಯಾಗಿತ್ತು.

ಹಿಂಗಾರು ಮೋಡ ಕಟ್ಟಿದ ಒಂದು ಮುಂಜಾನೆ ಹುಸೇನಪ್ಪ ತೋಪಿಗೆ ಬೈಕಿನಲ್ಲಿ ಬಂದ. ಮುಖ ಸಣ್ಣಗಾಗಿತ್ತು.

“ಗ್ಯಾನಪ್ಪ, ಶಾಲು ಚಲೋ ಐತಿ, ಪುಡಿ ಸುಳ್ಳೈತಿ. ಎರಡೂ ಪೊಟ್ಟಣ ಹೊಡದೆ. ನನ್ನ ಬದುವಿನ ಹುಳ ಅದನ್ನ ತಿಂದು ಮತ್ತ ದಪ್ಪ ಆಗ್ಯಾವು. ನಿಮ್ಮ ತೋಪಿಗೆ ನೀವು ಖರೇ ಏನ್ ಹೊಡದೀರಿ? ಮುಚ್ಚಿಡಬ್ಯಾಡ.”

ಗ್ಯಾನಪ್ಪ ಅವನನ್ನು ಹಿಂದಿನ ಅಂಚಿಗೆ ಕರೆದುಕೊಂಡು ಹೋದ. ಅಲ್ಲಿ ಒಂದಷ್ಟು ಕುಡಿಗಳಲ್ಲಿ ಹೊಸದಾಗಿ ಬಂದಿದ್ದ ಹುಳಗಳು ಬಿಳಿಯಾಗಿ ಕೂತಿದ್ದವು. ಹತ್ತು ಹನ್ನೆರಡು ಕುಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಅಂಜಲಿಗೆ ಫೋನು ಹಚ್ಚಿ ಕೇಳಿ, ಅವಳು ಹೇಳಿದ್ದನ್ನೇ ಹೇಳಿದ: ಮೋಡ ಇದ್ದಾಗ, ಸಂಜೆ ತಂಪಿನಲ್ಲಿ, ಹುಳ ಹೆಚ್ಚಿದ್ದ ಟೊಂಗೆಗಳಿಗೆ ಇವನ್ನು ಕಟ್ಟಬೇಕು, ಮಳೆ ಬಾರದಿದ್ದರೆ ಎರಡು ದಿನ ನೀರು ಚಿಮುಕಿಸಬೇಕು, ಬೂಷ್ಟಿನ ಔಷಧ ಆ ಬದುವಿನ ಹತ್ತಿರ ಸುಳಿಯಬಾರದು.

ಹುಸೇನಪ್ಪ ನಂಬಲಿಲ್ಲ. ಆದರೂ ಬೇರೆ ದಾರಿಯಿಲ್ಲದೆ ಒಯ್ದು ಕಟ್ಟಿದ. ಮೂರು ದಿನ ಸೋನೆ ಹಿಡಿಯಿತು. ಹತ್ತನೆಯ ದಿನ ಗ್ಯಾನಪ್ಪ ಉಣ್ಣುತ್ತಿದ್ದಾಗ ಫೋನು ಬಂತು.

“ಹುಳ ಜಿಗಿಯವಲ್ಲವೋ ಗ್ಯಾನಪ್ಪ! ಬಡದ್ರೂ ಜಿಗಿಯವಲ್ಲವು! ಬಾಜೂ ಹೊಲದವ್ರು ಕೇಳಾಕತ್ತಾರ, ಈ ಔಷಧಕ್ಕ ಹೆಸರೇನು?”

“ಹೆಸರ ಇಲ್ಲ.”

“ಹೆಸರ ಇಲ್ಲದ ಔಷಧ ಎಲ್ಲೈತೋ?”

“ಸುಮ್ನ ನಾಲ್ಕ ಕುಡಿ ಮುರದು ಅವರಿಗೂ ಕೊಡು,” ಎಂದ ಗ್ಯಾನಪ್ಪ ರೊಟ್ಟಿ ಮುರಿಯುತ್ತ. “ಹೆಸರಿಟ್ಟಿ ಅಂದ್ರ ಆಫೀಸಿನವರು ಉದ್ಘಾಟನಿಗೆ ಬರ್ತಾರ.”